ಮಹದೇವಪುರದ ಮಕ್ಕಳ ಇಂಗ್ಲಿಷು: ಓದದೆಯೇ ನಾಲ್ಕಕ್ಕೆ ನಾಲ್ಕು!

ಫೆಬ್ರವರಿ ಬಂತೆಂದರೆ ಮಹದೇವಪುರದ ಝೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಹೂಡಿ, ಗರುಡಾಚಾರ್‌ಪಾಳ್ಯ, ಕಾಡುಗೋಡಿ, ವರ್ತೂರು, ಯಾವ ಕಡೆ ಹೋದರೂ ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರು ಕಾಸು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಒಬ್ಬನ ಕೈಯಲ್ಲಿ ಪ್ರಶ್ನೆಕೋಠಿ, ಇನ್ನೊಬ್ಬಳ ಕೈಯಲ್ಲಿ ಹಿಂದಿನ ವರ್ಷಗಳ ಪತ್ರಿಕೆ, ಮತ್ತೊಬ್ಬನ ಕೈಯಲ್ಲಿ 'ಪಾಸಿಂಗ್ ಪ್ಯಾಕೇಜು'. ಪಾಸಾಗಲು ಎಷ್ಟು ಬೇಕೋ ಅಷ್ಟನ್ನೇ ಕಟ್ಟಿಕೊಡುವ ಬುತ್ತಿ ಅದು. ಹೊಟ್ಟೆ ತುಂಬುತ್ತದೆಯೋ ಇಲ್ಲವೋ, ದಾರಿ ಸವೆಯುತ್ತದೆ.

ಗಣಿತ, ವಿಜ್ಞಾನಕ್ಕೆ ಈ ಬುತ್ತಿ ಹೇಗೋ ನಡೆದೀತು. ಇಂಗ್ಲಿಷಿನಲ್ಲಿ ಒಂದು ಜಾಗಕ್ಕೆ ಬಂದಾಗ ಪ್ಯಾಕೇಜಿನವರೂ ಕೈ ಚೆಲ್ಲುತ್ತಾರೆ. ಅದೇ ಅನ್‌ಸೀನ್ ಪ್ಯಾಸೇಜು. ಪಠ್ಯಪುಸ್ತಕದಲ್ಲಿಲ್ಲದ, ಯಾರೂ ಮೊದಲು ಕಾಣದ ಒಂದು ಪ್ಯಾರಾ ಕೊಟ್ಟು, ಓದಿ ಉತ್ತರ ಬರೆಯಿರಿ ಅನ್ನುವ ಪ್ರಶ್ನೆ. ಬಾಯಿಪಾಠ ಮಾಡಲು ಬರುವಂಥದ್ದಲ್ಲ. ಹಾಗಾಗಿ ಮಕ್ಕಳಿಗೆ ಒಂದು ಉಪಾಯ ಹೇಳಿಕೊಡುತ್ತಾರೆ. ಮೊದಲು ಪ್ರಶ್ನೆ ನೋಡು. ಪ್ರಶ್ನೆಯಲ್ಲಿರುವ ಪದ ಪ್ಯಾರಾದಲ್ಲಿ ಎಲ್ಲಿದೆ ಹುಡುಕು. ಆ ಪದ ಇರುವ ಸಾಲನ್ನು ಹಾಗೇ ಇಳಿಸು. ಮುಗಿಯಿತು.

ಈ ಉಪಾಯ ಎಷ್ಟು ಪಕ್ಕಾ ಅನ್ನುವುದನ್ನು ಓದುಗರು ಕನ್ನಡದಲ್ಲೇ ಪರೀಕ್ಷೆ ಮಾಡಿ ನೋಡಬಹುದು.

"ಮೊನ್ನೆ ಸಂಜೆ ಗಿಬ್ಬನು ತನ್ನ ಟಪ್ಪಳವನ್ನು ಲೊಟಗದ ಮೇಲೆ ಸೊಂಬಿದನು. ಲೊಟಗವು ಬಹಳ ಜಿರುಟಾಗಿದ್ದುದರಿಂದ ಟಪ್ಪಳವು ಚೊಳ್ಳಿಹೋಯಿತು."

ಪ್ರಶ್ನೆ ಒಂದು: ಗಿಬ್ಬನು ಟಪ್ಪಳವನ್ನು ಯಾವುದರ ಮೇಲೆ ಸೊಂಬಿದನು? ಉತ್ತರ: ಲೊಟಗದ ಮೇಲೆ. ಎರಡು ಅಂಕ. ಪ್ರಶ್ನೆ ಎರಡು: ಟಪ್ಪಳವು ಏಕೆ ಚೊಳ್ಳಿಹೋಯಿತು? ಉತ್ತರ: ಲೊಟಗವು ಬಹಳ ಜಿರುಟಾಗಿದ್ದುದರಿಂದ. ಇನ್ನೆರಡು ಅಂಕ. ನಾಲ್ಕಕ್ಕೆ ನಾಲ್ಕು! ಗಿಬ್ಬ ಯಾರು, ಟಪ್ಪಳ ತಿನ್ನುವುದೋ ಉಡುವುದೋ, ದೇವರಿಗೇ ಗೊತ್ತು. ಅಂಕ ಮಾತ್ರ ಪೂರ್ತಿ ಬಂತು. ಮಹದೇವಪುರದ ಎಷ್ಟೋ ಮಕ್ಕಳ ಪಾಲಿಗೆ ಇಂಗ್ಲಿಷ್ ಪ್ಯಾಸೇಜು ಅಂದರೆ ಹೀಗೇ, ಬರೀ ಗಿಬ್ಬನ ಟಪ್ಪಳ.

ಈಗ ಮೂರನೇ ಪ್ರಶ್ನೆ ಕೇಳಿ ನೋಡಿ: ಗಿಬ್ಬನು ಮಾಡಿದ್ದು ಸರಿಯೇ? ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಇಲ್ಲಿ ಉಪಾಯ ಕೈಕೊಡುತ್ತದೆ. ಅರ್ಥವಾಗದೆ ಇದಕ್ಕೆ ಉತ್ತರ ಬರೆಯಲು ಯಾರಿಂದಲೂ ಆಗದು. ಆದರೆ ಇಂಥ ಪ್ರಶ್ನೆಯನ್ನು ತರಗತಿಯಲ್ಲಿ ಕೇಳುವವರೇ ಕಡಿಮೆ.

ನಾಲ್ಕು ಅಂಕಕ್ಕೆ ಯಾರು ಹೆಣಗುತ್ತಾರೆ?

ಮೇಷ್ಟ್ರುಗಳನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಮೊದಲು ಲೆಕ್ಕ ನೋಡಬೇಕು. ಈಚಿನ ವರ್ಷಗಳ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿನ ಪತ್ರಿಕೆ 80 ಅಂಕದ್ದು. ಇನ್ನು 20 ಶಾಲೆಯಲ್ಲೇ ಹಾಕುವ ಆಂತರಿಕ ಅಂಕ. ಆ 80ರಲ್ಲಿ ಕಾಣದ ಪ್ಯಾಸೇಜಿಗೆ ಮೀಸಲಾಗಿರುವುದು 4. ಪದ್ಯವನ್ನು ನೆನಪಿನಿಂದ ಇಳಿಸಿದರೂ 4. ಅಂದರೆ ಹೊಸದನ್ನು ಓದಿ ತಿಳಿಯುವುದಕ್ಕೂ ಹಳೆಯದನ್ನು ಉರು ಹೊಡೆಯುವುದಕ್ಕೂ ಪರೀಕ್ಷಾ ಮಂಡಳಿಯ ತಕ್ಕಡಿಯಲ್ಲಿ ಒಂದೇ ತೂಕ. ಉರು ಹೊಡೆದರೆ ನಾಲ್ಕು ಖಾತ್ರಿ. ಓದಲು ಕಲಿಯಬೇಕಾದರೆ ವರ್ಷಗಟ್ಟಲೆ ಬೇಕು. ಜಾಣ ಮೇಷ್ಟ್ರು ಯಾವುದನ್ನು ಮಾಡಿಸಿಯಾರು?

ಅದೇ ಮಹದೇವಪುರದಲ್ಲಿ, ಅದೇ ರಸ್ತೆಯಲ್ಲಿ, ದೊಡ್ಡ ಗೇಟು ಹಾಕಿದ ಸಿಬಿಎಸ್‌ಇ ಶಾಲೆಯ ಹತ್ತನೇ ಕ್ಲಾಸಿನ ಮಗುವಿಗೆ ಇಂಗ್ಲಿಷಿನ 80ರಲ್ಲಿ 20 ಅಂಕ ಇಡಲಾಗಿರುವುದು ಕಾಣದ ಗದ್ಯವನ್ನು ಓದಿ ಉತ್ತರಿಸುವುದಕ್ಕೇ. ಅಲ್ಲಿ ಕಾಲು ಪಾಲು, ಇಲ್ಲಿ ಇಪ್ಪತ್ತರಲ್ಲಿ ಒಂದು ಪಾಲು. ಆ ಮಗುವಿನ ಮನೆಯಲ್ಲಿ ಇಂಗ್ಲಿಷ್ ಪೇಪರು ಬರುತ್ತದೆ, ಅಪ್ಪ ಅಮ್ಮ ಇಂಗ್ಲಿಷಿನಲ್ಲೇ ಜಗಳವಾಡುತ್ತಾರೆ. ಈ ಮಗುವಿನ ಅಪ್ಪ ಕಂಪನಿಯ ಗೇಟಿನಲ್ಲಿ ಸೆಕ್ಯುರಿಟಿ, ಅವ್ವ ಹೌಸ್‌ಕೀಪಿಂಗು. ಮನೆಮಾತು ರಾಯಚೂರಿನ ಕನ್ನಡವೋ, ತೆಲುಗೋ, ತಮಿಳೋ, ಉರ್ದುವೋ. ಓದುವ ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ. ಇದು ಯಾವ ಊರ ನ್ಯಾಯ ಸ್ವಾಮಿ?

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳುವಂತಿಲ್ಲ. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದದ್ದು 2007-08ರಲ್ಲಿ. ಆ ವರ್ಷ ಸ್ಲೇಟು ಹಿಡಿದವರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಬಂದವು. ಮೇಷ್ಟ್ರುಗಳಿಗೆ ತರಬೇತಿ ಕೊಡಲು ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ. ಇಷ್ಟಾದರೂ, 2022ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಾಡಿನ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ. 46.7. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವಾಕ್ಯವೇ ಓದಲು ಬಾರದು. ಅದು ಹಳ್ಳಿಯ ಲೆಕ್ಕ, ಮಹದೇವಪುರದ್ದಲ್ಲ ಎನ್ನಬಹುದು. ಆದರೆ ಇಲ್ಲಿನ ಶೆಡ್ಡುಗಳಲ್ಲಿ, ವಠಾರಗಳಲ್ಲಿ ಇರುವವರು ಯಾರು? ಅವೇ ಹಳ್ಳಿಗಳಿಂದ ಗಂಟು ಕಟ್ಟಿಕೊಂಡು ಬಂದವರ ಮಕ್ಕಳಲ್ಲವೇ?

ಪರೀಕ್ಷೆಯ ಬಣ್ಣ ಬಯಲಾದ ಒಂದು ವರ್ಷವನ್ನೂ ನೆನೆಯಬೇಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಕಾಪಿ ಹೊಡೆಯುವುದನ್ನು ಕ್ಯಾಮೆರಾ ಹಿಡಿಯಿತು, ಸಂತೋಷ. ಆದರೆ ಅರ್ಥವಾಗದ ಸಾಲನ್ನು ಪ್ಯಾರಾದಿಂದ ಉತ್ತರಕ್ಕೆ ಇಳಿಸುವುದೂ ಒಂದು ಬಗೆಯ ಕಾಪಿಯೇ. ಅದನ್ನು ಹಿಡಿಯುವ ಕ್ಯಾಮೆರಾ ಇನ್ನೂ ಬಂದಿಲ್ಲ. ಒಳ್ಳೆಯ ಪ್ರಶ್ನೆ ಮಾತ್ರ ಅದನ್ನು ಹಿಡಿಯಬಲ್ಲದು.

ಬದುಕಿನ ಪ್ಯಾಸೇಜಿಗೆ ಪ್ರಶ್ನೆ ಕೊಡುವವರಿಲ್ಲ

ಅಷ್ಟಕ್ಕೂ ಒಂದು ಪ್ಯಾಸೇಜು ಅರ್ಥವಾಗದಿದ್ದರೆ ಆಕಾಶ ಬೀಳುತ್ತದೆಯೇ ಎಂದು ಕೇಳುವವರಿದ್ದಾರೆ. ಬೇರೆ ಕಡೆ ಬೀಳದೇ ಇರಬಹುದು, ಮಹದೇವಪುರದಲ್ಲಿ ಬೀಳುತ್ತದೆ. ಹತ್ತನೇ ಕ್ಲಾಸು ಮುಗಿಸಿದ ಇಲ್ಲಿನ ಹುಡುಗ ಹೋಗುವುದೆಲ್ಲಿಗೆ? ಐಟಿಪಿಎಲ್ ಕಡೆಯ ಕಂಪನಿಯ ಗೇಟಿಗೆ, ಗೋಡೌನಿಗೆ, ಡೆಲಿವರಿ ಕೆಲಸಕ್ಕೆ, ಸ್ವಲ್ಪ ಅದೃಷ್ಟವಿದ್ದರೆ ಐಟಿಐಗೆ. ಅಲ್ಲಿ ಮೊದಲ ದಿನವೇ ಕೈಗೆ ಇಂಗ್ಲಿಷಿನ ಎರಡು ಹಾಳೆ ಕೊಟ್ಟು 'ಇಲ್ಲಿ ಸೈನ್ ಹಾಕಪ್ಪಾ' ಅನ್ನುತ್ತಾರೆ. ಕೆಲಸ ಬಿಡಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ತಿಳಿಸದಿದ್ದರೆ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ, ಪಿಎಫ್ ಇದೆಯೋ ಇಲ್ಲವೋ, ಎಲ್ಲ ಆ ಎರಡು ಹಾಳೆಯಲ್ಲಿ ಇರುತ್ತದೆ. ಹುಡುಗನ ಇಂಗ್ಲಿಷ್ ಅಂಕ ಎಪ್ಪತ್ತು. ಸೈನು ಮಾತ್ರ ಕಣ್ಣುಮುಚ್ಚಿ.

ಔಷಧಿಯ ಬಾಟಲಿಯ ಮೇಲಿನ ಎಚ್ಚರಿಕೆ, ಯಂತ್ರದ ಮೇಲೆ ಅಂಟಿಸಿದ ಸೂಚನೆ, ಬ್ಯಾಂಕಿನ ಸಾಲದ ಕಾಗದ, ಮೊಬೈಲಿಗೆ ಬರುವ ಮೋಸದ ಮೆಸೇಜು, ಇವೆಲ್ಲ ಪ್ಯಾಸೇಜುಗಳೇ. ಒಂದೇ ವ್ಯತ್ಯಾಸ. ಪರೀಕ್ಷೆಯಲ್ಲಿ ಪ್ಯಾರಾದ ಕೆಳಗೆ ಪ್ರಶ್ನೆ ಕೊಟ್ಟಿರುತ್ತಾರೆ. ಬದುಕಿನಲ್ಲಿ ಪ್ಯಾರಾ ಮಾತ್ರ ಇರುತ್ತದೆ, ಪ್ರಶ್ನೆಯನ್ನು ಓದುವವನೇ ಹುಟ್ಟಿಸಿಕೊಳ್ಳಬೇಕು. ಪದ ಹುಡುಕುವ ಉಪಾಯ ಕಲಿತವನು ಅಲ್ಲಿ ಕುರುಡ. ಯಾವ ಪದ ಹುಡುಕಬೇಕು ಎಂದು ಅವನಿಗೆ ಹೇಳುವವರಿಲ್ಲ.

ಕನ್ನಡದ ಅಭಿಮಾನಿಗಳು ಇಲ್ಲಿ ಹುಬ್ಬು ಗಂಟಿಕ್ಕಬಹುದು. ಇಂಗ್ಲಿಷಿನ ಗುಣಗಾನ ಯಾಕೆ ಅಂತ. ಇದು ಗುಣಗಾನವಲ್ಲ. ಓದಿ ತಿಳಿಯುವ ಕಲೆ ಮೊದಲು ಹುಟ್ಟುವುದು ಕನ್ನಡದಲ್ಲೇ. ಕನ್ನಡದ ಒಂದು ಪ್ಯಾರಾ ಓದಿ 'ಇದರಲ್ಲಿ ಏನು ಹೇಳಿದ್ದಾರಪ್ಪ?' ಎಂದರೆ ತನ್ನ ಮಾತಿನಲ್ಲಿ ಹೇಳಬಲ್ಲ ಹುಡುಗಿ ನಾಳೆ ಇಂಗ್ಲಿಷಿನಲ್ಲೂ ಹೇಳಬಲ್ಲಳು. ಆಕೆಗೆ ಬೇಕಾದ್ದು ಪದಗಳು ಮಾತ್ರ. ಕನ್ನಡದಲ್ಲೇ ಉರು ಹೊಡೆದವಳಿಗೆ ಎರಡೂ ಭಾಷೆ ದೂರ. ಬುನಾದಿ ಇಲ್ಲದೆ ಮಹಡಿ ಕಟ್ಟಲು ಹೋಗುವ ಗಲ್ಲಿ ಕಾನ್ವೆಂಟುಗಳಿಗೆ ದುಡಿದ ದುಡ್ಡನ್ನೆಲ್ಲ ಸುರಿಯುವ ಬಡವರಿಗೆ ಈ ಮಾತನ್ನು ಯಾರಾದರೂ ಬಿಡಿಸಿ ಹೇಳಬೇಕು.

ಖರ್ಚಿಲ್ಲದ ಮದ್ದು

ಹಾಗಾದರೆ ಮಾಡುವುದೇನು? 'ಸಾರ್, ಸಿಲಬಸ್ ಮುಗಿಸೋದೇ ಕಷ್ಟ, ಮೇಲೆ ಎಲೆಕ್ಷನ್ ಡ್ಯೂಟಿ, ಗಣತಿ ಡ್ಯೂಟಿ' ಎನ್ನುವ ಮೇಷ್ಟ್ರ ಮಾತು ಸುಳ್ಳಲ್ಲ. ಆದರೆ ದಿನಕ್ಕೆ ಹತ್ತು ನಿಮಿಷ ಸಾಕು. ಬೋರ್ಡಿನ ಮೇಲೆ ಐದಾರು ಸಾಲಿನ ಒಂದು ಹೊಸ ಪ್ಯಾರಾ. ಪುಸ್ತಕದ್ದು ಬೇಡ. ಮೊದಲು ಸುಮ್ಮನೆ ಕಣ್ಣಿನಲ್ಲಿ ಓದಲಿ. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಲಿ, ಅರ್ಥವನ್ನು ಕೂಡಲೇ ಹೇಳಿಕೊಡುವುದು ಬೇಡ. ಹಿಂದಿನ ಮುಂದಿನ ಮಾತು ನೋಡಿ ಊಹೆ ಮಾಡಲಿ, ಆಮೇಲೆ ಡಿಕ್ಷನರಿ. ನಂತರ ಪ್ಯಾರಾದಲ್ಲಿ ಏನಿದೆ ಎಂದು ಕನ್ನಡದಲ್ಲೋ ಮನೆಮಾತಿನಲ್ಲೋ ಹೇಳಲಿ. ಕಡೆಗೆ ಪ್ರಶ್ನೆಯನ್ನು ಮೇಷ್ಟ್ರು ಕೇಳುವುದಲ್ಲ, ಮಕ್ಕಳೇ ಹಾಕಲಿ. ಪ್ರಶ್ನೆ ಹಾಕಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಮೂರು ಪ್ರಶ್ನೆಯಲ್ಲಿ ಒಂದಾದರೂ 'ಯಾಕೆ?' ಅನ್ನುವುದಿರಲಿ, ಉತ್ತರ ಒಂದೇ ಸಾಲಿನಲ್ಲಿ ಸಿಗದಿರಲಿ.

ಪ್ಯಾರಾ ಎಲ್ಲಿಂದ ತರುವುದು ಎಂಬ ಚಿಂತೆ ಬೇಡ. 2023ರಿಂದ ಓಡುತ್ತಿರುವ ವೈಟ್‌ಫೀಲ್ಡ್ ಮೆಟ್ರೋದ ಬೋರ್ಡುಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ. ಬಿಸ್ಕತ್ತಿನ ಪೊಟ್ಟಣದ ಹಿಂಭಾಗ, ಮಾತ್ರೆಯ ಚೀಟಿ, ಅಪ್ಪ ತಂದ ಕಂಪನಿಯ ನೋಟೀಸು, ಎಲ್ಲವೂ ಪಾಠವೇ. ಮಕ್ಕಳು 'ಮಿಸ್, ಇದು ಪರೀಕ್ಷೆಗೆ ಬರುತ್ತಾ?' ಎಂದು ಕೇಳಿಯೇ ಕೇಳುತ್ತಾರೆ. 'ಇದೇ ಬರಲ್ಲ, ಇಂಥದ್ದೇ ಬರುತ್ತೆ' ಎನ್ನುವುದೇ ಸರಿಯಾದ ಉತ್ತರ.

ಮಂಡಳಿಯವರು ಮಾಡಬೇಕಾದದ್ದೂ ಇದೆ. ಕಾಣದ ಗದ್ಯದ ನಾಲ್ಕು ಅಂಕವನ್ನು ಹತ್ತಕ್ಕಾದರೂ ಏರಿಸಲಿ, ಉರು ಹೊಡೆಯುವ ಅಂಕದಿಂದ ಕಡಿಯಲಿ. ಒಂದೇ ಸಲಕ್ಕೆ ಏರಿಸಿದರೆ ಬಡ ಮಕ್ಕಳೇ ನಪಾಸಾದಾರು ಎಂಬ ಅಂಜಿಕೆ ನ್ಯಾಯವಾದದ್ದೇ. ಎಂಟನೇ ಕ್ಲಾಸಿನಿಂದ ಶುರುಮಾಡಿ ವರ್ಷಕ್ಕೆರಡು ಅಂಕದಂತೆ ಏರಿಸುತ್ತಾ ಬಂದರೆ ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮಕ್ಕಳು ಪಳಗಿರುತ್ತಾರೆ. ಅಂಕ ಇದ್ದಲ್ಲಿ ಮೇಷ್ಟ್ರು ಇರುತ್ತಾರೆ, ಟ್ಯೂಷನ್ನಿನವರೂ ಇರುತ್ತಾರೆ.

ಇನ್ನು ಊರಿನ ದೊಡ್ಡ ಮನುಷ್ಯರ ಪಾಲು. 2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ. ಅದರಲ್ಲಿ ಶಾಲೆಗೆ ಬಣ್ಣ, ಬ್ಯಾಗು, ಮುಖ್ಯ ಅತಿಥಿಗಳ ಜೊತೆ ಫೋಟೋ ಎಲ್ಲ ಆಗುತ್ತದೆ. ಬಣ್ಣ ಬಳಿದ ಗೋಡೆಯೊಳಗೆ ಕುಳಿತು ವಾರಕ್ಕೊಂದು ಗಂಟೆ ಮಕ್ಕಳ ಜೊತೆ ಒಂದು ಪುಟ ಓದುವವರನ್ನು ಆ ಗಾಜಿನ ಕಟ್ಟಡಗಳಿಂದ ಕಳಿಸಲಿ. ಅದಕ್ಕೆ ಶೇ. 2ರ ದುಡ್ಡೂ ಬೇಡ, ಮನಸ್ಸು ಸಾಕು.

ಎಲ್ಲಕ್ಕಿಂತ ದೊಡ್ಡ ಬಾಕಿ ಪಾಲಿಕೆಯದು. 1965ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ಬಿಬಿಎಂಪಿ ಇದ್ದಾಗ ಎಂಟು ವಲಯಗಳಲ್ಲಿ ಆಸ್ತಿ ತೆರಿಗೆ ಕಟ್ಟುವುದರಲ್ಲಿ ಮುಂದಿದ್ದದ್ದು ಇದೇ ಮಹದೇವಪುರ. 2025ರ ಸೆಪ್ಟೆಂಬರಿನಿಂದ ಅದು ಬೆಂಗಳೂರು ಪೂರ್ವ ನಗರ ಪಾಲಿಕೆಯ ಸುಪರ್ದಿಗೆ ಬಂದಿದೆ. ಹೆಸರು ಬದಲಾಯಿತು, ಬೋರ್ಡು ಬದಲಾಯಿತು. ಇಷ್ಟು ಕರ ಕೊಡುವ ಊರಿನಲ್ಲಿ ಸಂಜೆ ಹೊತ್ತು ಶೆಡ್ಡಿನ ಮಗು ನಡೆದುಹೋಗಿ ಕೂತು ಓದಬಹುದಾದ ಒಂದು ಬೆಂಚು, ಒಂದು ದೀಪ, ನೂರು ಸಣ್ಣ ಇಂಗ್ಲಿಷ್ ಕನ್ನಡ ಪುಸ್ತಕ ಪ್ರತಿ ವಾರ್ಡಿನಲ್ಲೂ ಇರಬೇಡವೇ? ಹೊಸ ಪಾಲಿಕೆಯವರು ವಾರ್ಡುವಾರು ಈ ಆರು ಪೈಸೆಯ ಲೆಕ್ಕವನ್ನು ಬೋರ್ಡಿಗೆ ಹಾಕಲಿ. ಓಟು ಕೇಳಲು ಬರುವವರನ್ನು ಮನೆಮನೆಯಲ್ಲೂ ಇದೊಂದು ಪ್ರಶ್ನೆ ಕೇಳಲಿ.

ಜೂನಿನಲ್ಲಿ ಶಾಲೆ ಬಾಗಿಲು ತೆರೆದ ದಿನದಿಂದ ದಿನಕ್ಕೊಂದು ಪ್ಯಾರಾ ಹಿಡಿದರೆ ಪರೀಕ್ಷೆಯ ಹೊತ್ತಿಗೆ ನೂರೈವತ್ತಾದರೂ ಪ್ಯಾರಾ ಆಗುತ್ತದೆ. ಅಷ್ಟು ಓದಿದ ಹುಡುಗನಿಗೆ ಪರೀಕ್ಷೆಯ ಪ್ಯಾಸೇಜು ಮತ್ತೊಂದು ಪ್ಯಾರಾ ಅಷ್ಟೇ. ಕಂಪನಿಯ ಗೇಟಿನಲ್ಲಿ ಕೈಗೆ ಕೊಟ್ಟ ಎರಡು ಹಾಳೆಯನ್ನೂ ಅವನು ಸೈನು ಹಾಕುವ ಮೊದಲು ಒಮ್ಮೆ ಓದಿ, 'ಸಾರ್, ಈ ಮೂರನೇ ಸಾಲು ಯಾಕೆ ಹೀಗಿದೆ?' ಅಂತ ಕೇಳುತ್ತಾನೆ.