ಹೆಲೆನಾಳ ಬಯಕೆ

1960ರಲ್ಲಿ ತೆರೆಕಂಡ ‘ಸ್ಪಾರ್ಟಕಸ್’ ಚಿತ್ರವನ್ನು ನೋಡಿದವರ ನೆನಪಿನಲ್ಲಿ ನಿಲ್ಲುವವನು ನಾಯಕ ಕರ್ಕ್ ಡಗ್ಲಸ್. ಅವನ ಬಳಿಕ ಕ್ರಾಸಸನಾದ ಲಾರೆನ್ಸ್ ಒಲಿವಿಯರ್. ಗರಡಿಯ ಒಡೆಯ ಬಟಿಯಾಟಸನಾಗಿ ಆಸ್ಕರ್ ಪಾರಿತೋಷಕ ಪಡೆದ ಪೀಟರ್ ಉಸ್ತಿನೋವ್. ನೀನಾ ಫಾಕ್ ಅಭಿನಯಿಸಿದ ಹೆಲೆನಾಳನ್ನು ನೆನೆಯುವವರು ವಿರಳ. ಆದರೆ ಕಥೆಯ ಬಣವೆಗೆ ಕಿಡಿ ತಾಕಿಸಿದವಳು ಆ ಕುಲೀನ ಸ್ತ್ರೀಯೇ.

ಕಾಪುವಾ ನಗರದ ಗರಡಿಯಲ್ಲಿ ಗುಲಾಮರನ್ನು ಗ್ಲಾಡಿಯೇಟರುಗಳನ್ನಾಗಿ ಪಳಗಿಸುತ್ತಾರೆ. ಅಲ್ಲಿಗೆ ಕ್ರಾಸಸನೊಡನೆ ಹೆಲೆನಾ, ಅವಳ ಸೋದರ ಗ್ಲಾಬ್ರಸ್, ಅವನ ವಧು ಕ್ಲಾಡಿಯಾ ಬರುತ್ತಾರೆ. ಸಂಭ್ರಮಕ್ಕೊಂದು ವಿನೋದ ಬೇಕು: ಎರಡು ಜೋಡಿ ಆಳುಗಳು ಪ್ರಾಣ ಹೋಗುವವರೆಗೆ ಕಾದಬೇಕು. ಇಲ್ಲಿ ಅಂಥ ಪದ್ಧತಿಯಿಲ್ಲವೆಂದು ಒಡೆಯ ತಡವರಿಸುತ್ತಾನೆ. ಹಣದ ಮಾತು ಬಂದೊಡನೆ ಒಪ್ಪುತ್ತಾನೆ. ಹೆಂಗಸರಿಬ್ಬರೂ, ಅಂಗಡಿಯಲ್ಲಿ ಬಟ್ಟೆ ನೋಡುವವರಂತೆ, ಸಾಯತಕ್ಕವರನ್ನು ಆರಿಸುತ್ತಾರೆ.

ಕೆಳಗೆ ಕಾದಾಟ ನಡೆದಿರಲು ಮೇಲೆ ಗಂಡಸರು ರಾಜಕಾರಣ ಮಾತಾಡುತ್ತಾರೆ. ಡ್ರಾಬಾ ಎಂಬ ಕರಿಯ ಗುಲಾಮ ಸ್ಪಾರ್ಟಕಸನ ಕೊರಳಿಗೆ ತ್ರಿಶೂಲವೊಡ್ಡುತ್ತಾನೆ; ಕೊಲ್ಲುವುದಿಲ್ಲ. ತ್ರಿಶೂಲವನ್ನು ಅತಿಥಿಗಳತ್ತ ಎಸೆದು, ತಾನೂ ಮೇಲೇರಿ, ಕ್ರಾಸಸನ ಕೈಯಿಂದ ಸಾಯುತ್ತಾನೆ. ಅದೇ ಭೇಟಿಯಲ್ಲಿ ಸ್ಪಾರ್ಟಕಸನ ಪ್ರಿಯೆ ವರಿನಿಯಾ ಕ್ರಾಸಸನಿಗೆ ಮಾರಾಟವಾಗುತ್ತಾಳೆ. ಮುಂದೆ ಗರಡಿ ಸಿಡಿಯುತ್ತದೆ.

ಇತಿಹಾಸದಲ್ಲಿ ಈ ಹೆಲೆನಾ ಇಲ್ಲ. ಕ್ರಿ.ಪೂ. 73ರಲ್ಲಿ 78 ಮಂದಿ ಅಡಿಗೆಮನೆಯ ಕತ್ತಿ, ಕಂಬಿಗಳನ್ನು ಹಿಡಿದು ಪಾರಾದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಅವನ ಬರಹದಲ್ಲಿ ಕಾಣುವ ಸ್ತ್ರೀ ಸ್ಪಾರ್ಟಕಸನ ಮಡದಿ. ಕಣಿ ಹೇಳುವ ಆಕೆಯ ಹೆಸರನ್ನೂ ಅವನು ಕೊಟ್ಟಿಲ್ಲ. ಗ್ಲಾಬ್ರಸನಿಗೆ ಮಾತ್ರ ಮೂಲವುಂಟು. ಕ್ಲಾಡಿಯಸ್ ಗ್ಲಾಬರ್ 3,000 ಸೈನಿಕರೊಡನೆ ವೆಸೂವಿಯಸ್ ಬೆಟ್ಟದ ದಾರಿ ಕಟ್ಟಿದ. ಗುಲಾಮರು ಕಾಡುದ್ರಾಕ್ಷಿಯ ಬಳ್ಳಿಗಳನ್ನು ಹೆಣೆದು ಕಡಿದಾದ ಮಗ್ಗುಲಿನಿಂದಿಳಿದು ಅವನ ಪಾಳೆಯವನ್ನು ಹಿಡಿದರು. ಚಿತ್ರದಲ್ಲಿ ಹೀಗೆ ಅಕ್ಕರೆಯ ಸೋದರನೇ ಹೆಲೆನಾಳ ವಿನೋದಕ್ಕೆ ಬೆಲೆ ತೆರುತ್ತಾನೆ. ಕೊನೆಯ ಬೆಲೆಯನ್ನು ತೆತ್ತವರು ಬೇರೆ: ಕ್ರಿ.ಪೂ. 71ರಲ್ಲಿ ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ 6,000 ಬಂದಿಗಳನ್ನು ಕ್ರಾಸಸ್ ಶಿಲುಬೆಗೇರಿಸಿದ.

ಹೆಲೆನಾ ದುಷ್ಟೆಯಲ್ಲ. ಡ್ರಾಬಾನ ಮೇಲೆ ಅವಳಿಗೆ ಹಗೆಯಿಲ್ಲ. ಅವನ ಹೆಸರೂ ಅವಳಿಗೆ ಬೇಕಾಗಿಲ್ಲ. ಮಧ್ಯಾಹ್ನ ಕಳೆಯಬೇಕಾಗಿತ್ತು, ಅಷ್ಟೆ. ಬಟಿಯಾಟಸನಿಗೆ ಹಣದಾಸೆಯಿದೆ, ಕ್ರಾಸಸನಿಗೆ ಅಧಿಕಾರದಾಸೆಯಿದೆ. ಅವರ ಪಾಪಕ್ಕೆ ಹೆಸರುಂಟು. ನೆರಳಿನಲ್ಲಿ ಕುಳಿತು, ಬೇರೊಬ್ಬರ ಪ್ರಾಣವನ್ನು ಹೊತ್ತುಹೋಗಲೆಂದು ಕೇಳಿದವಳ ಪಾಪಕ್ಕೆ ಏನೆಂದು ಹೆಸರಿಡುವುದು? ಚಿತ್ರ ಮುಗಿದ ಮೇಲೂ ಕಾಡುವ ಪ್ರಶ್ನೆ ಇದೇ.