ಗೈರಾದ ದಿನವೇ ಮಾತಾಡಿ, ಫೆಬ್ರವರಿವರೆಗೆ ಕಾಯಬೇಡಿ

ಪ್ರತಿ ವರ್ಷ ಫೆಬ್ರವರಿಯಲ್ಲಿ ಹೈಸ್ಕೂಲಿನ ಆಫೀಸ್ ರೂಮಿನ ಮುಂದೆ ಬಂದು ನಿಲ್ಲುವ ಕೆಲವು ಅಪ್ಪ ಅಮ್ಮಂದಿರು ಅಲ್ಲಿಯವರೆಗೆ ಶಾಲೆಯ ಕಡೆ ತಲೆ ಹಾಕಿರುವುದಿಲ್ಲ. ಹಾಜರಾತಿ ಸಾಲದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಲು ಆಗುವುದಿಲ್ಲ ಎಂಬ ಪತ್ರ ಆಗಷ್ಟೇ ಅವರ ಕೈಸೇರಿರುತ್ತದೆ. ‘ನಾಲ್ಕೈದು ದಿನ ತಾನೇ ಮೇಡಂ ಕಡಿಮೆ ಇರೋದು, ಹೇಗಾದ್ರೂ ಸರಿ ಮಾಡ್ಕೊಳಿ’ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಊರಿನ ಯಾರಾದರೂ ಮುಖಂಡರ ಫೋನೂ ಬರುತ್ತದೆ. ಅಪ್ಪನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಹುಡುಗ ಮಾತ್ರ ಏನೂ ಹೇಳುವುದಿಲ್ಲ.

ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ, ಹತ್ತನೇ ತರಗತಿಯ ಕ್ಲಾಸ್ ಟೀಚರೂ ಹೌದು. ಆ ಹುಡುಗನ ಪರವಾಗಿ ಎಲ್ಲ ಪೋಷಕರಿಗೂ ನಾನು ಹೇಳಬೇಕಾದ್ದು ಒಂದೇ. ಮಗು ಶಾಲೆಗೆ ಬಾರದ ದಿನ, ಅದೇ ದಿನ, ಮನೆ ಮತ್ತು ಶಾಲೆ ಒಂದು ಮಾತು ಆಡಿಕೊಳ್ಳಬೇಕು. ಹಾಜರಾತಿ, ಶಿಸ್ತು, ರಿಸಲ್ಟ್ ಎಂದು ನಾವು ಬೇರೆ ಬೇರೆಯಾಗಿ ತಲೆಕೆಡಿಸಿಕೊಳ್ಳುವ ಬಹುಪಾಲು ಸಂಗತಿಗಳು ಆ ಒಂದು ಮಾತು ಆಡದೇ ಇದ್ದುದರಿಂದ ಕೆಟ್ಟಂಥವು.

ಮೊದಲು ನಿಯಮ. ರೆಗ್ಯುಲರ್ ವಿದ್ಯಾರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬೇಕಾದರೆ ಶೇಕಡಾ 75 ಹಾಜರಾತಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆಯಿತು ಎಂದಿಟ್ಟುಕೊಳ್ಳಿ. ಅದರಲ್ಲಿ 165 ದಿನ ಮಗು ಬಂದಿರಬೇಕು. ಉಳಿಯುವುದು 55 ದಿನ. ‘ಅಬ್ಬಾ, 55 ದಿನ ರಜಾ ಹಾಕಬಹುದಾ’ ಎಂದು ಮಕ್ಕಳೇ ನನ್ನನ್ನು ಕೇಳಿದ್ದಿದೆ. ಆದರೆ ಆ 55 ಎಷ್ಟು ಬೇಗ ಕರಗುತ್ತದೆ ನೋಡಿ. ಸಂತೆ ದಿನವೆಂದೋ ತೋಟದ ಕೆಲಸವೆಂದೋ ವಾರಕ್ಕೊಂದು ದಿನ ತಪ್ಪಿಸಿದರೆ ಅಲ್ಲಿಗೇ 35ರಿಂದ 40 ದಿನ. ಮಳೆಗಾಲದಲ್ಲೊಂದು ಜ್ವರ ಬಂದರೆ ಒಂದು ವಾರ. ಅಕ್ಕನ ಮದುವೆ, ಅಜ್ಜಿ ಮನೆ ಜಾತ್ರೆ, ಮಾಲೆ ಹಾಕಿ ಶಬರಿಮಲೆಗೆ ಹೋಗಿ ಬಂದದ್ದು ಇವೆಲ್ಲ ಸೇರಿ ಇನ್ನೊಂದು ವಾರ. ಯಾರೂ ಓದು ಬಿಟ್ಟಿಲ್ಲ, ಯಾರೂ ಪೋಲಿ ಬಿದ್ದಿಲ್ಲ, ಹುಡುಗ ಗೆರೆಯ ಅಂಚಿಗೆ ಬಂದು ನಿಂತಾಗಿದೆ.

ಹಾಜರಿ ದಿನಕ್ಕೆ ಎರಡು ಸಲ ಹಾಕುತ್ತೇವೆ ಎಂಬುದು ಅನೇಕ ಪೋಷಕರಿಗೆ ಗೊತ್ತಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟದ ನಂತರ ಇನ್ನೊಮ್ಮೆ. ಬಿಸಿಯೂಟ ಮುಗಿಸಿ ಮನೆಗೆ ನಡೆದ ಮಗುವಿಗೆ ಅರ್ಧ ದಿನದ ಗೈರು ಬೀಳುತ್ತದೆ. ನಮ್ಮ ಕಡೆ ಜುಲೈನಲ್ಲಿ ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಅದು ಗೈರಲ್ಲ. ಆದರೆ ಆ ದಿನಗಳನ್ನು ತುಂಬಿಸಲು ಶನಿವಾರ ಮಧ್ಯಾಹ್ನವೋ ಭಾನುವಾರವೋ ತರಗತಿ ನಡೆಸಿದಾಗ ಬಾರದಿದ್ದರೆ ಗೈರೇ. ಇನ್ನೊಂದು ಲೆಕ್ಕವನ್ನೂ ಪೋಷಕರು ಅಷ್ಟಾಗಿ ಗಮನಿಸುವುದಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಅಂಕ, ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ಅವು ಬರುವುದು ವರ್ಷದಲ್ಲಿ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಿಂದ, ಅಂದರೆ ಮಕ್ಕಳು ಎಫ್‌ಎ ಎಂದು ಕರೆಯುವ ಕಿರುಪರೀಕ್ಷೆ ಮತ್ತು ಚಟುವಟಿಕೆಗಳಿಂದ. ಮಗು ಶಾಲೆಯಲ್ಲೇ ಇಲ್ಲದಿದ್ದರೆ ಯಾವ ಚಟುವಟಿಕೆಗೆ ಅಂಕ ಕೊಡುವುದು?

ಹಾಜರಿ ಪುಸ್ತಕ ತಿದ್ದಿ ಎಂದು ದಯವಿಟ್ಟು ಯಾವ ಮೇಷ್ಟ್ರನ್ನೂ ಕೇಳಬೇಡಿ. ಅದು ಸರ್ಕಾರಿ ದಾಖಲೆ, ತಿದ್ದಿದವರ ನೌಕರಿಗೆ ಕುತ್ತು. ಅಪ್ಪ ಹಾಗೆ ಕೇಳುವಾಗ ಮಗ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ ಎಂಬುದು ನನಗೆ ಅದಕ್ಕಿಂತ ಹೆಚ್ಚು ಸಂಕಟದ ವಿಷಯ.

ಹಾಜರಿ ಪುಸ್ತಕವನ್ನು ತಿಂಗಳ ಕೊನೆಯಲ್ಲಿ ಶೇಕಡಾವಾರು ತೆಗೆಯಲು ಮಾತ್ರ ಬಿಚ್ಚುವವರಿದ್ದಾರೆ. ಒಂದು ಹೆಸರಿನ ಮುಂದಿನ ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರೆ ಅದರಲ್ಲಿ ಬೇರೆಯದೇ ಕಾಣುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ, ಲೆಕ್ಕದಲ್ಲಿ ಚುರುಕು, ಒಂದು ವರ್ಷ ಆಗಸ್ಟ್‌ನಿಂದ ಆಗಾಗ ಗೈರಾಗಿ ಕೆಂಪು ಇಂಕಿನ ಗೆರೆ ಹಾಕಿಸಿಕೊಳ್ಳತೊಡಗಿದಳು. ಪುಸ್ತಕ ಮುಂದಿಟ್ಟುಕೊಂಡು ನೋಡಿದೆ. ಎರಡು ಮೂರು ದಿನಗಳ ಗುಂಪು, ಮತ್ತೆ ಮೂರೂವರೆ ನಾಲ್ಕು ವಾರ ಬಿಡದೆ ಹಾಜರು, ಮತ್ತೆ ಎರಡು ಮೂರು ದಿನ ಗೈರು. ಯಾವ ಹೆಂಗಸಿಗಾದರೂ ಅದು ಏನೆಂದು ಗೊತ್ತಾಗುತ್ತದೆ. ಪಕ್ಕಕ್ಕೆ ಕರೆದು ಕೇಳಿದಾಗ ಹೇಳಿದಳು: ‘ಮಿಸ್, ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ನೀರೂ ಬರಲ್ಲ.’ ಅವಳೊಬ್ಬಳದೇ ಅಲ್ಲ, ಹಿಂದಿನ ಬೆಂಚಿನ ಇನ್ನೂ ಕೆಲವರದ್ದು ಅದೇ ಕತೆಯಾಗಿತ್ತು. ಅದುವರೆಗೆ ಸ್ಟಾಫ್ ರೂಮಿನಲ್ಲಿ ಆ ಹುಡುಗಿಯರಿಗೆ ‘ಸೋಮಾರಿಗಳು’ ಎಂಬ ಹೆಸರು ಬಿದ್ದಿತ್ತು. ಚಿಲಕ ಹಾಕಿಸಿ, ನಲ್ಲಿ ರಿಪೇರಿ ಮಾಡಿಸಿ, ಮೂಲೆಯಲ್ಲಿ ಮುಚ್ಚಳದ ಬಕೆಟ್ ಇಟ್ಟ ಮೇಲೆ ಆ ಗೈರು ನಿಂತಿತು. ಯಾವ ಗದರಿಕೆಯಿಂದಲೂ ಅದು ನಿಲ್ಲುತ್ತಿರಲಿಲ್ಲ.

ಗಂಡುಹುಡುಗರ ಸಾಲು ಕೆಂಪಾಗುವುದು ಅಡಿಕೆಯ ಕೊನೆಕೊಯ್ಲಿನ ಕಾಲಕ್ಕೆ. ದಸರಾ ರಜೆ ಮುಗಿದು ಅಡಿಕೆ ಸುಲಿಯುವುದು ಶುರುವಾಯಿತೆಂದರೆ ಜನವರಿವರೆಗೂ ನಮ್ಮ ಶಾಲೆಯ ಬೆಳಗುಗಳು ಮಂಕು. ಡಬ್ಬಕ್ಕೆ ಇಷ್ಟು ಎಂದು ದುಡ್ಡು ಸಿಗುತ್ತದೆ, ರಾತ್ರಿ ಹನ್ನೊಂದು ಹನ್ನೆರಡರವರೆಗೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಬೋರ್ಡಿನ ಕಡೆ ನೋಡುತ್ತಲೇ ಕಣ್ಣು ಮುಚ್ಚುತ್ತಾರೆ. ಹೆಬ್ಬೆರಳು, ತೋರುಬೆರಳಿಗೆ ಹಿಡಿದ ಅಡಿಕೆಯ ಕಪ್ಪು ಕಲೆ ಎಷ್ಟು ಉಜ್ಜಿದರೂ ಹೋಗಿರುವುದಿಲ್ಲ, ಲೆಕ್ಕ ಬಿಡಿಸಿದ ಹಾಳೆಯ ಮೇಲೆ ಅದರ ಗುರುತು ಬಿದ್ದಿರುತ್ತದೆ. ಮೊದಲು ನಿದ್ದೆ, ಆಮೇಲೆ ತಡ, ಆಮೇಲೆ ಗೈರು. ಮನೆಗೆ ನಾಲ್ಕು ಕಾಸು ಆಗುತ್ತದೆ ಎಂದು ದುಡಿಯುವ ಹುಡುಗನನ್ನು ಅಶಿಸ್ತಿನವನೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಇದು ಮಲೆನಾಡಿನ ಮಾತು. ರಾಯಚೂರು, ಯಾದಗಿರಿಯ ಕಡೆ ಹತ್ತಿ ಬಿಡಿಸುವ ಕಾಲ, ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳಲ್ಲಂತೂ ಮಗುವೇ ಊರು ಬಿಟ್ಟಿರುತ್ತದೆ.

ಇವೆಲ್ಲ ಬೇಗ ಗೊತ್ತಾಗಬೇಕು. ಗೊತ್ತಾಗಲು ಇರುವ ದಾರಿ ಫೋನು. ಅದೇ ಕೈಕೊಡುತ್ತದೆ. ಎಂಟನೇ ತರಗತಿಗೆ ಸೇರಿಸುವಾಗ ಕೊಟ್ಟ ನಂಬರು ಹತ್ತಕ್ಕೆ ಬರುವಷ್ಟರಲ್ಲಿ ಸ್ವಿಚ್ ಆಫ್. ಸಿಮ್ ಬದಲಾಗಿದೆ, ಶಾಲೆಗೆ ತಿಳಿಸಿಲ್ಲ. ಕೆಲವು ಹುಡುಗರು ಅಪ್ಪನದೆಂದು ಗೆಳೆಯನ ನಂಬರು ಬರೆಸಿರುತ್ತಾರೆ, ಆ ‘ಅಪ್ಪ’ ದಪ್ಪ ದನಿ ಮಾಡಿ ‘ಹೌದು ಮೇಡಂ, ಜ್ವರ’ ಅನ್ನುತ್ತಾನೆ. ಆದ್ದರಿಂದ ಜೂನ್‌ನಲ್ಲಿ ಒಮ್ಮೆ ನೀವೇ ಶಾಲೆಗೆ ಬಂದು, ಕ್ಲಾಸ್ ಟೀಚರ್ ಮುಂದೆ ನಿಂತು, ನಡೆಯುವ ನಂಬರನ್ನು ಬರೆಸಿ. ಅಮ್ಮನದೊಂದು, ಅಪ್ಪನದೊಂದು. ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಹನ್ನೊಂದು ಗಂಟೆಯೊಳಗೆ ಒಂದು ಫೋನ್ ಮಾಡಿ, ಮಾರನೇ ದಿನ ನಿಮ್ಮ ಸಹಿ ಇರುವ ರಜಾ ಚೀಟಿ ಕಳಿಸಿ. ಕಾಯಿಲೆಯಾದರೆ ಆಸ್ಪತ್ರೆಯ ಚೀಟಿಯ ಜೆರಾಕ್ಸ್ ಆ ವಾರವೇ ಕೊಡಿ. ಫೆಬ್ರವರಿಯಲ್ಲಿ ಹುಡುಕಿ ತಂದ ಸರ್ಟಿಫಿಕೇಟನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ.

ಇದು ಪೋಷಕರ ಪಾಲು. ಶಾಲೆಯ ಪಾಲು ಇದಕ್ಕಿಂತ ದೊಡ್ಡದು. ಹೇಳದೆ ಕೇಳದೆ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸಿ ಹುಡುಕಬೇಕು. ಹಿಂದೆ ಈ ಗಡುವು ಅರವತ್ತು ದಿನ ಇತ್ತು. 2013ರಲ್ಲಿ ಹೈಕೋರ್ಟ್ ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ಏಳಕ್ಕೆ ಇಳಿಯಿತು. ನನ್ನ ಪ್ರಕಾರ ಏಳು ದಿನವೂ ಜಾಸ್ತಿ. ಹೆಣ್ಣುಮಗಳೊಬ್ಬಳಿಗೆ ಗುಟ್ಟಾಗಿ ಮದುವೆ ಗೊತ್ತು ಮಾಡಿ, ಬೇರೆ ಊರಿಗೆ ಕರೆದೊಯ್ದು ಮುಗಿಸಿಬಿಡಲು ಏಳು ದಿನ ಧಾರಾಳ ಸಾಕು. ಮೂರನೇ ದಿನಕ್ಕೆ ಯಾರಾದರೂ ಶಿಕ್ಷಕರು ಮನೆ ಬಾಗಿಲಿಗೆ ಹೋಗಬೇಕು. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಇನ್ನು ಶಿಸ್ತಿನ ವಿಚಾರ. ಪೋಷಕರ ಸಭೆಯಲ್ಲಿ ನಾನು ಹೆಚ್ಚು ಕೇಳುವ ಮಾತು: ‘ನಾಲ್ಕು ಬಾರಿಸಿ ಮೇಡಂ, ನಾವೇನೂ ಕೇಳಲ್ಲ.’ ಪ್ರೀತಿಯಿಂದಲೇ ಹೇಳುತ್ತಾರೆ, ಅವರೂ ಹಾಗೇ ಏಟು ತಿಂದು ಓದಿದವರು. ಆದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. ಪೋಷಕರು ಅನುಮತಿ ಕೊಟ್ಟರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ‘ಟಿಸಿ ಕೊಟ್ಟು ಕಳಿಸ್ತೀವಿ’ ಎಂದು ಎಂಟನೇ ತರಗತಿಯ ಮಗುವನ್ನು ಯಾರಾದರೂ ಹೆದರಿಸಿದರೆ ಅದು ಕಾನೂನಿಗೆ ವಿರುದ್ಧ ಎಂದು ನೀವು ಧೈರ್ಯವಾಗಿ ಹೇಳಬಹುದು. ಒಂಬತ್ತು, ಹತ್ತಕ್ಕೆ ಬಂದ ಕೂಡಲೇ ಬೆತ್ತ ಹಿಡಿಯಬಹುದು ಎಂದೂ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ಹದಿನೆಂಟು ತುಂಬುವವರೆಗೂ ಮಗುವೆಂದೇ ಕಾಣುತ್ತದೆ, ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವುದು ಅದರಲ್ಲಿ ಅಪರಾಧ.

ಕಾನೂನು ಹಾಗಿರಲಿ. ಏಟು ತಿಂದ ಹುಡುಗ ಮಾರನೇ ದಿನ ಬರುವುದಿಲ್ಲ, ಅದನ್ನು ನಾನು ಹಾಜರಿ ಪುಸ್ತಕದಲ್ಲೇ ನೋಡಿದ್ದೇನೆ. ಹೋಂವರ್ಕ್ ಮಾಡದ್ದಕ್ಕೆ ಇಡೀ ತರಗತಿಯ ಮುಂದೆ ಅವಮಾನವಾದವನು ಆ ವಿಷಯದ ಪೀರಿಯಡ್ ಇರುವ ಅರ್ಧ ದಿನವನ್ನೇ ಕತ್ತರಿಸುತ್ತಾನೆ. ಹೀಗೆ ಶಾಲೆಯ ಶಿಕ್ಷೆಯೇ ಗೈರನ್ನು ಹುಟ್ಟಿಸುತ್ತದೆ. ತಡವಾಗಿ ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುವ ಪದ್ಧತಿ ಕೆಲವು ಶಾಲೆಗಳಲ್ಲಿದೆ. ಇದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಹಳ್ಳಿಯಿಂದ ಬರುವ ಮಕ್ಕಳಿಗೆ ಬೆಳಗಿನ ಒಂದು ಬಸ್ಸು ಕೈಕೊಟ್ಟರೆ ಇನ್ನೊಂದಕ್ಕೆ ಗಂಟೆ ಕಾಯಬೇಕು. ಹಾಗೆ ಕಾದು, ತುಂಬಿದ ಬಸ್ಸಿನಲ್ಲಿ ನಿಂತು ಬಂದ ಹುಡುಗಿಯನ್ನು ‘ಮನೆಗೆ ಹೋಗು’ ಎಂದರೆ ಅವಳು ಹೋಗುವುದು ಎಲ್ಲಿಗೆ? ಹೊಲಕ್ಕೆ ಹೋದ ಅಪ್ಪ ಅಮ್ಮನಿಗೆ ಅವಳು ಶಾಲೆಯಲ್ಲಿದ್ದಾಳೆ ಎಂದೇ ಗೊತ್ತು. ಸಂಜೆವರೆಗೆ ಅವಳ ಜವಾಬ್ದಾರಿ ಯಾರದು? ಒಳಗೆ ಕರೆಯಬೇಕು, ತಡದ ಕಾರಣ ಬರೆದುಕೊಳ್ಳಬೇಕು, ತಪ್ಪಿದ ಪಾಠವನ್ನು ಸಂಜೆ ಹತ್ತು ನಿಮಿಷ ಕೂರಿಸಿ ಹೇಳಿಕೊಡಬೇಕು. ಸುಮ್ಮನೆ ತಡ ಮಾಡುವವನಿಗೆ ಆ ಹತ್ತು ನಿಮಿಷವೇ ಸಾಕಷ್ಟು ಶಿಕ್ಷೆ.

ಮನೆಯವರೇ ಬಿಗಿ ಹಿಡಿಯಬೇಕಾದ ಒಂದೆರಡು ಸಂಗತಿಗಳಿವೆ. ಸ್ಟೈಲ್ ಕಟಿಂಗ್ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಬೈಕು ಮಾತ್ರ ಬೇಡ. ಹದಿನೈದರ ಹುಡುಗನ ಕೈಗೆ ಸ್ಕೂಟಿ ಕೊಟ್ಟು ಕಳಿಸುತ್ತೀರಿ, ಹಿಂದೆ ಇಬ್ಬರು ಗೆಳೆಯರು ಕೂತಿರುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ ಇದಕ್ಕೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಮೊಬೈಲು ರಾತ್ರಿ ಹತ್ತಕ್ಕೆ ದೊಡ್ಡವರ ಕೈಗೆ ಬರಲಿ. ಬೆಳಿಗ್ಗೆ ಏಳದ ಮಗುವಿನ ಕಾಯಿಲೆ ಬಹಳ ಸಲ ಅದೇ.

ಅಡಿಕೆ ವಿಚಾರದಲ್ಲಿ ನಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಒಂದು ಕೆಲಸ ಮಾಡಿತು. ಹತ್ತನೇ ತರಗತಿಯ ಮಕ್ಕಳನ್ನು ರಾತ್ರಿ ಎಂಟರ ಮೇಲೆ ಸುಲಿಯಲು ಕೂರಿಸಿಕೊಳ್ಳಬೇಡಿ ಎಂದು ಊರಿನ ತೋಟದವರನ್ನು ಮನೆಮನೆಗೆ ಹೋಗಿ ಕೇಳಿಕೊಂಡಿತು. ಕೆಲವರು ಒಪ್ಪಿದರು. ಆಳು ಸಿಗದ ಕಾಲದಲ್ಲಿ ಹೀಗಂದರೆ ಹೇಗೆ ಎಂದು ಕೆಲವರು ಮುನಿಸಿಕೊಂಡರು. ಒಪ್ಪಿದವರ ತೋಟಕ್ಕೆ ಹೋಗುತ್ತಿದ್ದ ಹುಡುಗರು ಮೊದಲ ಪೀರಿಯಡ್‌ಗೆ ಎಚ್ಚರವಾಗಿರುತ್ತಾರೆ, ಅಷ್ಟನ್ನು ನಾನು ದಿನಾ ನೋಡುತ್ತಿದ್ದೇನೆ. ಎಲ್ಲ ಊರಿನ ಎಸ್‌ಡಿಎಂಸಿಗಳೂ ತಮ್ಮ ಕೊಯ್ಲಿನ ಕಾಲಕ್ಕೆ ಮುಂಚೆ ಈ ಮಾತು ಎತ್ತಲಿ. ಕೊಯ್ಲು ಶುರುವಾದ ಮೇಲೆ ಯಾರ ಕಿವಿಗೂ ಬೀಳುವುದಿಲ್ಲ.

ಮುಂದಿನ ಪೋಷಕರ ಸಭೆಗೆ ಹೋದಾಗ ‘ನಮ್ಮ ಮಗು ಹೇಗೆ ಓದುತ್ತೆ’ ಎಂದು ಕೇಳುವುದಕ್ಕೆ ಮುಂಚೆ ‘ಇವತ್ತಿನವರೆಗೆ ಎಷ್ಟು ದಿನ ಬಂದಿದೆ, ಯಾವ ಯಾವ ದಿನ ಬಂದಿಲ್ಲ’ ಎಂದು ಕೇಳಿ. ಬಾಯಿಮಾತಿನ ಉತ್ತರ ಬೇಡ, ಹಾಜರಿ ಪುಸ್ತಕದಲ್ಲಿ ನಮ್ಮ ಮಗುವಿನ ಸಾಲು ತೋರಿಸಿ ಎನ್ನಿ. ತೋರಿಸುವುದು ನಮ್ಮ ಕೆಲಸ. ಕ್ಲಾಸ್ ಟೀಚರ್ ತೋರಿಸದಿದ್ದರೆ ಹೆಡ್ ಮಾಸ್ಟರನ್ನು ಕೇಳಿ. ಅಲ್ಲೂ ಆಗದಿದ್ದರೆ ಬಿಇಒ ಆಫೀಸಿಗೆ ಒಂದು ಅರ್ಜಿ ಬರೆದು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.