ತಕ್ಕಡಿ ಏನು ಹೇಳ್ತಿದೆ?

ನಮ್ಮೂರ ಹಾಲಿನ ಡೇರಿಗೆ ಹೊಸ ತಕ್ಕಡಿ ಬಂದ ವಾರ. ಪಕ್ಕದ ಮನೆ ಅಜ್ಜಿಯ ಹಾಲು ತಕ್ಕಡಿ ಮೇಲೆ 7.50, ಕಂಪ್ಯೂಟರ್ ಚೀಟಿಯಲ್ಲಿ 0.50! ಆದ್ರೆ ನಮ್ಮನೆಯ 6.50 ಸರಿಯಾಗೇ ಬರ್ತಿತ್ತು. ಊರಲ್ಲಿ ಅನುಮಾನ ಹುಟ್ಟೋಕೆ ಇಷ್ಟು ಸಾಕು. "ನೀನು ಇಂಜಿನಿಯರ್ ಅಲ್ವೇನೋ, ಹೋಗಿ ನೋಡು" ಅಂದ್ರು ಅಪ್ಪ.

ತಕ್ಕಡಿಯಿಂದ ಕಂಪ್ಯೂಟರ್‌ಗೆ ಸೀರಿಯಲ್ ಕೇಬಲ್. ಅದರಲ್ಲಿ ಏನು ಹರೀತಿದೆ ಅಂತ ನೋಡೋಣ ಅಂದ್ರೆ ಪುಟ್ಟಿಯಲ್ಲಿ ಪೋರ್ಟ್ ತೆರೆಯಲೇ ಇಲ್ಲ. ವಿಂಡೋಸ್‌ನಲ್ಲಿ ಒಂದು ಕಾಮ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಹುದು. ಡೇರಿ ಸಾಫ್ಟ್‌ವೇರ್ ಆಗಲೇ ಹಿಡಿದು ಕೂತಿತ್ತು. ಕಾಲೇಜಲ್ಲಿ ಬಳಸಿದ್ದ ಪೋರ್ಟ್‌ಮಾನ್ 64 ಬಿಟ್ ವಿಂಡೋಸ್‌ನಲ್ಲಿ ಓಡಲ್ಲ. ಡ್ರೈವರ್ ಮಟ್ಟದಲ್ಲಿ ಕೂತು ಕದ್ದು ಕೇಳೋ ಮಾನಿಟರ್ ಬೇಕು. ಅಂಥದ್ದೊಂದರ ಟ್ರಯಲ್ ಹಾಕಿದೆ.

7 ಅಂದ್ರೆ ಹೆಕ್ಸ್‌ನಲ್ಲಿ 37 ಬರಬೇಕು, ಬರ್ತಿದ್ದದ್ದು ಬಿ7. ತಕ್ಕಡಿ ಕಳಿಸ್ತಿದ್ದದ್ದು 7 ಬಿಟ್, ಜೊತೆಗೊಂದು ಈವನ್ ಪ್ಯಾರಿಟಿ. ಸಾಫ್ಟ್‌ವೇರ್ ಓದ್ತಿದ್ದದ್ದು ಪ್ಯಾರಿಟಿ ಇಲ್ಲದ 8 ಬಿಟ್. ಹಾಗಾಗಿ 1, 2, 4, 7, 8 ಕೆಡುತ್ತವೆ; 0, 3, 5, 6, 9 ಬಚಾವ್. ಕೆಟ್ಟ ಅಕ್ಷರವನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ಬಿಸಾಕ್ತಿತ್ತು. (ಒಂದು ಎರರ್ ತೋರಿಸಿದ್ರೆ ಏನು ಗಂಟು ಹೋಗ್ತಿತ್ತೋ!)

ಸೆಟ್ಟಿಂಗ್ ಬದಲಾಯಿಸೋಕೆ ಹಿಡಿದದ್ದು ಅರ್ಧ ನಿಮಿಷ. ಆಮೇಲೆ ಸೆಕ್ರೆಟರಿ ಪೆನ್ನು ಹಿಡಿದು ವಾರದ ಲೆಕ್ಕ ತಿದ್ದೋಕೆ ಕೂತರು. ಅಜ್ಜಿ ಸೆರಗಿನ ಗಂಟಿಂದ ಏಳೂ ಚೀಟಿ ತೆಗೆದು ಮೇಜಿನ ಮೇಲೆ ಜೋಡಿಸಿಟ್ಟರು.